ಏನೂ ಬೆಳೆದಿಲ್ಲ

ಆ ಕಾಗದ ನನ್ನ ಕೈಗೆ ಬಂದದ್ದು ಚಿತ್ರದುರ್ಗದ ಒಂದು ಲ್ಯಾಬಿನ ಕಿಟಕಿಯಲ್ಲಿ. ಓದಿದ್ದು ಹಿರಿಯೂರಿನ ಬಸ್ಸಿನಲ್ಲಿ, ಐಮಂಗಲ ಬರುವುದಕ್ಕೆ ಮೊದಲು. ಇಷ್ಟನ್ನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಮಿಕ್ಕದ್ದರಲ್ಲಿ ನಡೆದದ್ದೆಷ್ಟು, ನಾನು ಆಮೇಲೆ ಬೆರೆಸಿದ್ದೆಷ್ಟು ಗೊತ್ತಿಲ್ಲ. ಹಾಲಿಗೆ ನೀರು ಬೆರೆಸಿದರೆ ಹಿಡಿಯಲು ಲ್ಯಾಕ್ಟೋಮೀಟರ್ ಇತ್ತು. ಹಾಲಿನಲ್ಲಿ ಅದನ್ನು ಬಿಟ್ಟು, ಎಷ್ಟು ಮುಳುಗಿತೆಂದು ನೋಡಿ ಹೇಳುತ್ತಿದ್ದೆ. ನೆನಪಿನೊಳಗೆ ಬಿಟ್ಟು ನೋಡಲು ಅಂಥದ್ದೇನೂ ನನ್ನ ಹತ್ತಿರ ಇಲ್ಲ.

ಹಿರಿಯೂರಿನಲ್ಲಿ ಹಾಲು ತಂಪು ಮಾಡುವ ಕೇಂದ್ರವೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ನಿವೃತ್ತನಾದವನು ನಾನು. ಹಾಲಿನಲ್ಲಿ ಬ್ಯಾಕ್ಟೀರಿಯಾ ಎಷ್ಟಿವೆ ಎಂದು ನೋಡುವುದು ನನ್ನ ಕೆಲಸ. ಹಾಲು ತರುವವರು ನನ್ನನ್ನು ‘ಹುಳದ ಸಾರ್’ ಎನ್ನುತ್ತಿದ್ದರು. ಪರೀಕ್ಷೆ ಸರಳ. ಹಾಲಿಗೆ ಒಂದಿಷ್ಟು ನೀಲಿ ಬಣ್ಣ ಬೆರೆಸಿ, ಕೊಳವೆಯನ್ನು ಮೈಬಿಸಿಯಷ್ಟು ಬಿಸಿ ನೀರಿನಲ್ಲಿ ನಿಲ್ಲಿಸಬೇಕು. ಬ್ಯಾಕ್ಟೀರಿಯಾ ಹೆಚ್ಚಿದ್ದರೆ ಅರ್ಧ ಗಂಟೆಯಲ್ಲೇ ನೀಲಿ ಹೋಗಿ ಹಾಲು ಬೆಳ್ಳಗಾಗುತ್ತದೆ. ಒಳ್ಳೆಯ ಹಾಲಾದರೆ ಐದು ಗಂಟೆಯಾದರೂ ನೀಲಿಯಾಗೇ ಇರುತ್ತದೆ. ಹಾಗಾಗಿ ಹಾಲು ಬೆಳ್ಳಗೆ ಕಂಡರೆ ನನಗೆ ಅನುಮಾನ. ಈ ಅಭ್ಯಾಸ ಮನೆಗೂ ಬಂದಿತ್ತು. ಹೆಂಡತಿ ಕಾಫಿ ಕೊಟ್ಟರೆ ಮೊದಲು ಮೂಸುತ್ತಿದ್ದೆ. ಅವಳು ತೀರಿಹೋಗಿ ನಾಲ್ಕು ವರ್ಷವಾಯಿತು. ಈಗ ಕಾಫಿಯನ್ನು ನಾನೇ ಮಾಡಿಕೊಳ್ಳುತ್ತೇನೆ, ಮೂಸುವುದಿಲ್ಲ.

ತೊಳೆದು ಬಂದ ಟ್ಯಾಂಕರುಗಳ ಪರೀಕ್ಷೆಯೂ ನನ್ನದೇ. ಹತ್ತಿ ಸುತ್ತಿದ ಕಡ್ಡಿಯನ್ನು ಟ್ಯಾಂಕರಿನ ಒಳಗೋಡೆಗೆ ಒರೆಸಿ, ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾಗೆ ಆಹಾರವಾಗುವ ಗಟ್ಟಿ ಗಂಜಿಯಂಥದ್ದರ ಮೇಲೆ ಅದನ್ನು ಎಳೆದು, ಬೆಚ್ಚಗೆ ಎರಡು ದಿನ ಇಡುತ್ತಿದ್ದೆ. ಚುಕ್ಕೆಗಳು ಮೂಡಿದರೆ ತೊಳೆದದ್ದು ಸಾಲದು. ಏನೂ ಮೂಡದಿದ್ದರೆ ರಿಜಿಸ್ಟರಿನಲ್ಲಿ ಎರಡೇ ಪದ: ನೋ ಗ್ರೋತ್. ಹೊಳಲ್ಕೆರೆಯ ಒಬ್ಬ ಡ್ರೈವರ್ ಪ್ರತಿ ಸಲವೂ ಕಿಟಕಿಗೆ ಮುಖವಿಟ್ಟು ಕೇಳುತ್ತಿದ್ದ.

“ಏನ್ಸಾರ್, ಬೆಳೆದೈತಾ?”

“ಏನೂ ಬೆಳೆದಿಲ್ಲ ಕಣಪ್ಪ.”

“ನಮ್ಮ ಹೊಲ್ದಾಗೂ ಹಂಗೇ.”

ಇದೇ ಮಾತು ಇಪ್ಪತ್ತು ವರ್ಷ. ಬೇಸರವಾಗುತ್ತಿರಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ನಿಜವಾಗಿ ಬೇಸರವಾಗುತ್ತಿತ್ತು.

ಕಳೆದ ವರ್ಷ ಉರಿಮೂತ್ರ ಶುರುವಾಯಿತು. ಒಂದು ಗಂಟೆ ಕೂತಲ್ಲಿ ಕೂರಲಾಗದು. ಬಸ್ಸು ಹತ್ತುವ ಮುಂಚೆ ಎರಡು ಸಲ, ಇಳಿದ ಕೂಡಲೇ ಒಂದು ಸಲ. ಚಿತ್ರದುರ್ಗದಲ್ಲಿ ಮೂತ್ರರೋಗದ ಡಾಕ್ಟರೊಬ್ಬರಿಗೆ ತೋರಿಸಿದೆ. ನನ್ನ ಅರ್ಧ ವಯಸ್ಸಿನವರು. ಕೈಗವಸು ಹಾಕಿಕೊಂಡು, ಮಂಡಿ ಮಡಚಿ ಮಗ್ಗುಲಾಗಿ ಮಲಗಲು ಹೇಳಿ, ಬೆರಳಿನಿಂದಲೇ ಪ್ರಾಸ್ಟೇಟ್ ಗ್ರಂಥಿ ಮುಟ್ಟಿ ನೋಡಿದರು. ರಕ್ತ ಪರೀಕ್ಷೆಗೂ ಬರೆದರು. ಪಿಎಸ್‌ಎ ಎಂಬ ಆ ಪರೀಕ್ಷೆಯಲ್ಲಿ ನನ್ನ ಸಂಖ್ಯೆ ಎಂಟು ಪಾಯಿಂಟ್ ನಾಲ್ಕು ಬಂತು. ಇರಬೇಕಾದ್ದಕ್ಕಿಂತ ಜಾಸ್ತಿ.

“ಜಾಸ್ತಿ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಅಂತಲ್ಲ ಸರ್,” ಎಂದರು ಡಾಕ್ಟರು. “ಗ್ರಂಥಿಗೆ ಸೋಂಕು ತಗುಲಿ ಊದಿದ್ರೂ ಇದು ಏರುತ್ತೆ. ಯೂರಿನ್‌ನಲ್ಲಿ ಕೀವಿನ ಕಣಗಳು ಸ್ವಲ್ಪ ಇವೆ. ಕಲ್ಚರ್‌ಗೆ ಕಳಿಸೋಣ. ಬ್ಯಾಕ್ಟೀರಿಯಾ ಬೆಳೆದ್ರೆ ಅದಕ್ಕೆ ಔಷಧಿ ಕೊಟ್ಟು, ಆಮೇಲೆ ಮತ್ತೆ ರಕ್ತ ನೋಡಬಹುದು.”

ಅಂದರೆ ನನ್ನ ಮುಂದೆ ಎರಡು ದಾರಿ ಇದ್ದವು: ಬ್ಯಾಕ್ಟೀರಿಯಾ ಅಥವಾ ಕ್ಯಾನ್ಸರ್. ಕೆಲಸ ಮಾಡಿದಷ್ಟು ಕಾಲವೂ ಯಾವುದು ಇರಬಾರದು ಎಂದು ಹುಡುಕಿದೆನೋ ಅದು ಈಗ ನನ್ನ ಮೂತ್ರದಲ್ಲಿ ಇರಲಿ ಎಂದು ಬೇಡಿಕೊಳ್ಳುವಂತಾಯಿತು. ಬ್ಯಾಕ್ಟೀರಿಯಾ ನನಗೆ ಗುರುತಿನವು. ಅವು ಎಷ್ಟು ಬಿಸಿಯಲ್ಲಿ ಸಾಯುತ್ತವೆ, ಎಷ್ಟು ತಂಪಿನಲ್ಲಿ ಮಲಗುತ್ತವೆ ಎಂದು ಗೊತ್ತು. ಇನ್ನೊಂದರ ಗುರುತು ನನಗಿಲ್ಲ.

ಹೊಸದುರ್ಗದಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಉರಿಮೂತ್ರವಷ್ಟನ್ನೇ ಹೇಳಿದೆ.

“ನಂಜಾಗೈತೆ ಬಿಡು,” ಅಂದಳು. “ಬದ್ನೆಕಾಯಿ ತಿನ್ತಿದೀಯಾ?”

“ಇಲ್ಲ.”

“ಸುಳ್ಳು ಹೇಳ್ಬ್ಯಾಡ. ಒಂಟಿ ಗಂಡಸ್ರು ಇನ್ನೇನ್ ಮಾಡ್ಕಂತೀರಿ, ಬದ್ನೆಕಾಯಿ ಸುಟ್ಟು ಗೊಜ್ಜು. ಬಿಟ್ಬಿಡು ಅದನ್ನ.”

ಅಂದೇ ಬಿಟ್ಟೆ. ನಂಜು ಎಂಬುದು ಎಷ್ಟು ಒಳ್ಳೆಯ ಪದ ಎಂದು ಆ ವಾರ ಅನಿಸಿತು. ಅದಕ್ಕೆ ಪಥ್ಯವಿದೆ. ಪಥ್ಯ ಮಾಡಿದರೆ ಇಳಿಯುತ್ತದೆ.

ಮೂರು ದಿನ ಬಿಟ್ಟು ಕಲ್ಚರ್ ರಿಪೋರ್ಟು ತರಲು ಹೋದೆ. ಲಕೋಟೆ ತೆಗೆಯದೆ ಬಸ್ಸು ಹತ್ತಿದೆ. ಸೀಟಿನಲ್ಲಿ ಆಗಲೇ ಕೂತಿದ್ದವನು ಹೊಳಲ್ಕೆರೆಯ ಆ ಡ್ರೈವರ್. ನಿವೃತ್ತನಾದ ಮೇಲೆ ನಾನು ಅವನನ್ನು ನೋಡಿರಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಿರಿಯೂರಿನ ಮಗಳ ಮನೆಗೆ ಹೊರಟಿದ್ದ.

“ಬರ್ರಿ ಸಾರ್, ಕುಂತ್ಕಳ್ರಿ. ದುರ್ಗದಾಗೇನು?”

“ಒಂದು ಟೆಸ್ಟು.”

“ಶುಗರ್ರಾ?”

“ಅಲ್ಲ. ಪ್ರಾಸ್ಟೇಟು ಅಂತ ಒಂದು ಗ್ರಂಥಿ.”

“ಅದೆಲ್ಲಿರ್ತೈತೆ?”

ಎಲ್ಲಿರುತ್ತದೆಂದು ದನಿ ತಗ್ಗಿಸಿ ಹೇಳಿದೆ.

“ಅಷ್ಟು ಒಳಗೆ ಇಟ್ಟವ್ನೆ ನೋಡ್ರಿ ದೇವ್ರು, ಯಾರ ಕೈಗೂ ಸಿಗದಂಗೆ.”

“ಡಾಕ್ಟರ ಬೆರಳಿಗೆ ಸಿಗುತ್ತೆ.”

ಅವನು ನಕ್ಕ ರಭಸಕ್ಕೆ ಮುಂದಿನ ಸೀಟಿನವರು ತಿರುಗಿ ನೋಡಿದರು. ತಿಂಗಳುಗಳ ಮೇಲೆ ನಾನೂ ಯಾರೊಂದಿಗೋ ಸೇರಿ ನಕ್ಕೆ. ಆ ನಗುವಿನ ಧೈರ್ಯದಲ್ಲೇ ಲಕೋಟೆ ಹರಿದೆ. ಬಿಳಿ ಹಾಳೆಯ ನಡುವೆ ಇಂಗ್ಲಿಷಿನಲ್ಲಿ ಎರಡೇ ಪದ: ನೋ ಗ್ರೋತ್.

ಕಾಗದವನ್ನು ಅವನತ್ತ ತಿರುಗಿಸಿದೆ. ಇಂಗ್ಲಿಷ್ ಬಾರದಿದ್ದರೂ ಈ ಎರಡು ಪದಗಳ ಆಕಾರ ಅವನಿಗೆ ಗೊತ್ತಿತ್ತು.

“ಪಾಸು ಸಾರ್,” ಅಂದ. “ಟ್ಯಾಂಕರ್ ಪಾಸು.”

“ಪಾಸು.”

ಅವನ ಹೆಂಡತಿಗೆ ಹಿಂದೊಮ್ಮೆ ಗರ್ಭಕೋಶದ ಆಪರೇಷನ್ ಆಗಿತ್ತು. ಆಗ ಡಾಕ್ಟರು ‘ಗ್ರೋತ್ ಐತೆ’ ಎಂದದ್ದನ್ನು ಅವನು ಮರೆತಿರಲಿಲ್ಲ. ಆಸ್ಪತ್ರೆಯ ಬಾಯಲ್ಲಿ ಗ್ರೋತ್ ಎಂದರೆ ಗಡ್ಡೆ.

“ಗ್ರೋತ್ ಇಲ್ಲ ಅಂದ್ರೆ ಗಡ್ಡೆ ಇಲ್ಲ,” ಅಂದ. “ಮುಗೀತಲ್ಲ ಸಾರ್.”

ಹಿರಿಯೂರಿನಲ್ಲಿ ಇಳಿದು ಬಸ್ ಸ್ಟ್ಯಾಂಡಿನ ಎದುರು ಎಳನೀರು ಕುಡಿದೆವು. ನಾನೇ ಕುಡಿಸಿದೆ. ಅವನು ಕಾಯಿಯನ್ನು ಒಡೆಸಿ ಗಂಜಿಯನ್ನೂ ಕೆರೆದು ತಿಂದ. ನನ್ನ ಭುಜಕ್ಕೆ ಒಂದೇಟು ಹಾಕಿ ಮಗಳ ಮನೆಯ ಕಡೆ ಹೋದ.

ಇದನ್ನು ಮತ್ತೆ ಓದಿದರೆ ತೀರ ಅಚ್ಚುಕಟ್ಟಾಗಿ ಬಂದಿದೆ ಎನಿಸುತ್ತದೆ. ಬಸ್ಸಿನಲ್ಲಿ ಮಾತುಗಳು ಹೀಗೆ ಒಂದರ ಹಿಂದೆ ಒಂದು ಬರುವುದಿಲ್ಲ. ಹಾರ್ನ್ ಇರುತ್ತದೆ, ಕಂಡಕ್ಟರ್ ಬರುತ್ತಾನೆ. ಆದರೂ ಬಹಳ ದಿನ ನನ್ನ ಮಟ್ಟಿಗೆ ಆ ಪ್ರಯಾಣ ಇದೇ ಆಗಿತ್ತು. ತಪ್ಪು ಓದಿದವನು ಅವನು, ತಿದ್ದದೆ ಸುಮ್ಮನಿದ್ದವನು ನಾನು.

ತಪ್ಪು ಹೊಳೆದದ್ದು ಸಂಜೆ, ಮೊಸರಿಗೆ ಹೆಪ್ಪು ಹಾಕುವಾಗ. ಹಾಲು ಉಗುರುಬೆಚ್ಚಗಾಗಲೆಂದು ಕಾಯುತ್ತ ಬೆರಳಿಟ್ಟು ನೋಡಿದೆ. ಲ್ಯಾಬಿನ ಅದೇ ಮೈಬಿಸಿ ಸಿಕ್ಕಿತು. ಅದರಲ್ಲಿ ಏನು ಬೇಕಾದರೂ ಬೆಳೆಯುತ್ತದೆ. ಹಾಗಾದರೆ ನನ್ನ ಮೂತ್ರದಲ್ಲಿ ಯಾಕೆ ಬೆಳೆಯಲಿಲ್ಲ? ಚಮಚ ಕೈಯಲ್ಲೇ ಇತ್ತು. ಏನೂ ಬೆಳೆದಿಲ್ಲ ಎಂದರೆ ಬ್ಯಾಕ್ಟೀರಿಯಾ ಸಿಕ್ಕಿಲ್ಲ. ಬ್ಯಾಕ್ಟೀರಿಯಾ ಸಿಕ್ಕಿಲ್ಲ ಎಂದರೆ ಎಂಟು ಪಾಯಿಂಟ್ ನಾಲ್ಕಕ್ಕೆ ಬೇರೆ ಕಾರಣ ಹುಡುಕಬೇಕು. ಗಡ್ಡೆಗೂ ಆ ಕಾಗದಕ್ಕೂ ಸಂಬಂಧವೇ ಇಲ್ಲ. ಟ್ಯಾಂಕರಿಗೆ ಪಾಸಾದದ್ದು ನನಗೆ ಫೇಲು. ಇಷ್ಟು ತಿಳಿಯಲು ನನಗೆ ಅರ್ಧ ದಿನ ಬೇಕಾಯಿತು. ಕೆಲಸಕ್ಕೆ ಸೇರಿದ ಮೊದಲ ವಾರವೇ ತಿಳಿದಿರಬೇಕಾದ ವಿಷಯ.

ಹೆಪ್ಪಿನ ಬಗ್ಗೆಯೂ ಒಂದು ಮಾತು. ಹೆಂಡತಿ ಇಟ್ಟುಹೋದ ಹೆಪ್ಪನ್ನೇ ನಾನು ಇಂದಿಗೂ ಉಳಿಸಿಕೊಂಡು ಬಂದಿದ್ದೇನೆ ಎಂದು ಕೆಲವರಿಗೆ ಹೇಳಿದ್ದೇನೆ. ಕೇಳಿದವರ ಕಣ್ಣು ತುಂಬಿದ್ದುಂಟು. ಅದು ಸುಳ್ಳು. ಅವಳು ಹೋದ ಮೊದಲ ಬೇಸಿಗೆಯಲ್ಲೇ ನಾನು ಒಂದು ವಾರ ಅಕ್ಕನ ಮನೆಯಲ್ಲಿದ್ದೆ, ಪಾತ್ರೆಯಲ್ಲಿ ಬೂಷ್ಟು ಹಿಡಿದಿತ್ತು. ಈಗಿನದು ಅಂಗಡಿಯ ಪ್ಯಾಕೆಟ್ ಮೊಸರಿನಿಂದ ಬಂದದ್ದು.

ಡಾಕ್ಟರಿಗೆ ಕಾಗದ ತೋರಿಸಿದೆ. ಅವರು ನನ್ನ ಮುಖ ನೋಡಿ, ನನಗೆ ಗೊತ್ತಿದ್ದುದನ್ನೇ ಹೇಳಿದರು.

“ಕಲ್ಚರ್‌ನಲ್ಲಿ ಬಂದಿಲ್ಲ ಅಂದ್ರೆ ಇಲ್ಲವೇ ಇಲ್ಲ ಅಂತ ಅಲ್ಲ ಸರ್. ನಾವು ಇಡೋ ಊಟ ಎಲ್ಲ ಬ್ಯಾಕ್ಟೀರಿಯಾನೂ ತಿನ್ನಲ್ಲ. ಕೆಲವು ಗ್ರಂಥಿಯ ಒಳಗೇ ಕೂತಿರ್ತವೆ, ಮೂತ್ರಕ್ಕೆ ಇಳಿಯಲ್ಲ. ಮೂರು ವಾರ ಮಾತ್ರೆ ತಗೊಳ್ಳಿ. ಆಮೇಲೆ ಸ್ವಲ್ಪ ದಿನ ಬಿಟ್ಟು ರಕ್ತ ನೋಡೋಣ.”

ಮತ್ತೆ ಆಸೆ ಹುಟ್ಟಿತು. ಆ ಮೂರು ವಾರ ಮಾತ್ರೆಯನ್ನು ಗಡಿಯಾರ ನೋಡಿ ನುಂಗಿದೆ. ನಮ್ಮ ತಟ್ಟೆಯಲ್ಲಿ ಉಣ್ಣದೆ, ನಮ್ಮ ಬಿಸಿಗೆ ಏಳದೆ, ಯಾರಿಗೂ ಕಾಣದ ಮೂಲೆಯಲ್ಲಿ ಕೂತ ಜೀವಿಗಳನ್ನು ಯೋಚಿಸುತ್ತಿದ್ದೆ. ಮನೆಯಲ್ಲಿ ಮಾತಾಡುವವರು ಇಲ್ಲದಿದ್ದರೆ ಯೋಚನೆ ಇಂಥ ಕಡೆ ಹೋಗುತ್ತದೆ. ಒಂದು ದಿನ ಅವುಗಳಿಗೆ “ಇದ್ದೀರೇನ್ರಪ್ಪ” ಎಂದು ಕೇಳಿದೆ. ಜೋರಾಗಿಯೇ ಕೇಳಿದೆ. ಅಷ್ಟೊತ್ತಿಗೆ ಕುಕ್ಕರ್ ಕೂಗಿತು.

ಉರಿ ಕಡಿಮೆಯಾಯಿತು. ಸಂಖ್ಯೆ ಮಾತ್ರ ಎಂಟು ಪಾಯಿಂಟ್ ಒಂದಕ್ಕೆ ಇಳಿದು ನಿಂತಿತು. ಸ್ಕ್ಯಾನಿನಲ್ಲಿ ಒಂದು ಕಡೆ ಅನುಮಾನದ ಗುರುತು ಕಾಣಿಸಿತು. ಡಾಕ್ಟರು ಬಯಾಪ್ಸಿ ಎಂದರು, ಗ್ರಂಥಿಯ ಚೂರು ತೆಗೆದು ನೋಡುವುದು.

ಬಯಾಪ್ಸಿಯಲ್ಲೂ ಬ್ಯಾಕ್ಟೀರಿಯಾ ನನ್ನನ್ನು ಬಿಡಲಿಲ್ಲ. ಸೂಜಿ ಗುದದ್ವಾರದ ಮೂಲಕ ಹೋಗುತ್ತದೆ. ಕರುಳಿನಲ್ಲಿ ಸುಮ್ಮನೆ ಇರುವ ಬ್ಯಾಕ್ಟೀರಿಯಾ ಸೂಜಿಯ ತುದಿಗೆ ಅಂಟಿ ರಕ್ತಕ್ಕೆ ಸೇರಿದರೆ ಅಪಾಯ. ಅದಕ್ಕೆ ಮೊದಲೇ ಹತ್ತಿಯ ಕಡ್ಡಿ ಹಾಕಿ ಅಲ್ಲಿಂದ ಸ್ಯಾಂಪಲ್ ತೆಗೆದು, ಅಲ್ಲಿರುವವು ಯಾವ ಔಷಧಿಗೆ ಸಾಯುತ್ತವೆ ಎಂದು ನೋಡಿದರು. ಆ ಕಡ್ಡಿ ನಾನು ಟ್ಯಾಂಕರಿಗೆ ಹಾಕುತ್ತಿದ್ದಂಥದ್ದೇ. ಈ ಸಲ ತಟ್ಟೆಯಲ್ಲಿ ಸಮೃದ್ಧವಾಗಿ ಬೆಳೆದಿತ್ತು. ಬೇಕಾದಲ್ಲಿ ಬೆಳೆಯಲಿಲ್ಲ, ಬೇಡದಲ್ಲಿ ಬೆಳೆಯಿತು. ಇದನ್ನು ಹೇಳಿದ್ದರೆ ಡ್ರೈವರ್ ಎಷ್ಟು ನಗುತ್ತಿದ್ದನೋ. ಎಳನೀರು ಕುಡಿಯುವಾಗ ಕೊಟ್ಟ ಅವನ ನಂಬರ್ ನನ್ನಲ್ಲಿ ಇತ್ತು. ಫೋನ್ ಮಾಡಲಿಲ್ಲ. ಅವನ ಲೆಕ್ಕದಲ್ಲಿ ನಾನು ಪಾಸಾದವನು.

ಬಯಾಪ್ಸಿಯ ದಿನ ನರ್ಸ್ ಫಾರಂ ತುಂಬುತ್ತ ಕೇಳಿದಳು.

“ಅಂಕಲ್, ಜೊತೆಗ್ಯಾರು ಬಂದವ್ರೆ?”

“ಹೊರಗಿದ್ದಾರೆ.”

“ಕರೀರಿ, ಸೈನ್ ಬೇಕು.”

“ಊಟಕ್ಕೆ ಹೋಗಿರಬೇಕು.”

“ಹತ್ತು ಗಂಟೆಗೆ ಊಟಾನಾ?”

ಅವಳು ಪೆನ್ನನ್ನು ನನ್ನ ಕೈಗೇ ಕೊಟ್ಟಳು. ಹೆಂಡತಿ ಇದ್ದಿದ್ದರೆ ಎಂದು ಆಗ ಅನಿಸಿತೇ? ಅನಿಸಿತು ಎಂದು ಬರೆಯುವುದು ಸುಲಭ. ನನಗೆ ನೆನಪಿರುವುದು ಪೆನ್ನಿನ ಕ್ಯಾಪ್ ಕಚ್ಚಿ ಕಚ್ಚಿ ಚಪ್ಪಟೆಯಾಗಿದ್ದದ್ದು. ಒಳಗೆ ಸೂಜಿ ಹೊಡೆಯುವಾಗ ಸ್ಟೇಪ್ಲರ್ ಒತ್ತಿದಂಥ ಸದ್ದು. ಎಣಿಸಿದೆ. ಹನ್ನೆರಡು ಸಲ. ನಡುವೆ ಒಮ್ಮೆ ಲೆಕ್ಕ ತಪ್ಪಿತು, ಹಾಗಾಗಿ ಹದಿಮೂರೂ ಇರಬಹುದು.

ಹತ್ತು ದಿನದ ಮೇಲೆ ಫಲಿತಾಂಶ ಬಂತು. ಹನ್ನೆರಡು ಚೂರುಗಳಲ್ಲಿ ಎರಡರಲ್ಲಿ ಕ್ಯಾನ್ಸರ್. (ಕಾಗದದಲ್ಲಿ ಹನ್ನೆರಡು ಎಂದೇ ಇದೆ.) ಸಣ್ಣದು, ನಿಧಾನವಾಗಿ ಬೆಳೆಯುವ ಜಾತಿ ಎಂದರು. ಈಗಲೇ ಕತ್ತರಿಸುವುದು ಬೇಡ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಮುಂದೆ ಇನ್ನೊಮ್ಮೆ ಬಯಾಪ್ಸಿ.

“ಕಾದು ನೋಡೋಣ ಸರ್.”

ನಾನು ಕೇಳಿದೆ: ಇದಕ್ಕೆ ಬ್ಯಾಕ್ಟೀರಿಯಾ ಕಾರಣವೇ? ಮೂವತ್ತರ ಆಸುಪಾಸಿನಲ್ಲಿ ನನಗೊಮ್ಮೆ ಇದೇ ಥರ ಉರಿ, ಚಳಿಜ್ವರ ಬಂದಿತ್ತು. ಹೆಂಡತಿಗೂ ಹೇಳದೆ ಅಂಗಡಿಯಿಂದ ನಾಲ್ಕು ಮಾತ್ರೆ ತಂದು ನುಂಗಿ ಸುಮ್ಮನಾಗಿದ್ದೆ. ಅವತ್ತು ಒಳಗೆ ಉಳಿದವು ಇಷ್ಟು ವರ್ಷ ಅಲ್ಲೇ ಇದ್ದು ಈ ಕೆಲಸ ಮಾಡಿದವೇ?

“ಬಹಳ ಕಾಲದ ಊತ ಒಂದು ಕಾರಣ ಇರಬಹುದು ಅಂತ ಅನುಮಾನ ಇದೆ. ಗ್ರಂಥಿಯಲ್ಲಿ, ಮೂತ್ರದಲ್ಲಿ ಯಾವ್ಯಾವ ಬ್ಯಾಕ್ಟೀರಿಯಾ ಇವೆ, ಅವಕ್ಕೂ ಕ್ಯಾನ್ಸರಿಗೂ ಏನು ಸಂಬಂಧ ಅಂತ ಹುಡುಕ್ತಾ ಇದಾರೆ. ಮುಂದೆ ಅವನ್ನ ನೋಡಿಯೇ ಪತ್ತೆ ಹಚ್ಚೋ ಕಾಲ ಬಂದ್ರೂ ಬರಬಹುದು. ಇವತ್ತಿಗೆ ಖಚಿತವಾಗಿ ಗೊತ್ತಿಲ್ಲ. ನಿಮ್ಮದರಲ್ಲಂತೂ ಹೇಳೋಕೆ ಆಗಲ್ಲ.”

ಗೊತ್ತಿಲ್ಲ ಎಂದ ಆ ಡಾಕ್ಟರ ಮೇಲೆ ನನಗೆ ಗೌರವ ಬಂತು. ಮೂವತ್ತರ ಆ ಜ್ವರವನ್ನು ಕಾರಣ ಮಾಡಿಕೊಂಡರೆ ಎಲ್ಲವೂ ಒಂದಕ್ಕೊಂದು ಕೂಡಿಕೊಳ್ಳುತ್ತದೆ: ಮುಚ್ಚಿಟ್ಟೆ, ಅದಕ್ಕೇ ಅನುಭವಿಸಿದೆ. ಕೂಡಿಕೊಳ್ಳುತ್ತದೆ ಎಂಬ ಕಾರಣಕ್ಕೇ ನಾನು ಅದನ್ನು ನಂಬುವುದಿಲ್ಲ. ಆ ಜ್ವರ ಬಂದದ್ದು ಮೂವತ್ತಕ್ಕೋ ನಲವತ್ತಕ್ಕೋ ಎಂಬುದೂ ಈಗ ಸರಿಯಾಗಿ ನೆನಪಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಹಿರಿಯೂರಿನ ಬಸ್ಸು ಹೊರಡಲು ನಿಂತಿತ್ತು. ನಾನು ಹೊಳಲ್ಕೆರೆಯ ಬಸ್ಸು ಹತ್ತಿದೆ. ಯಾರಿಗಾದರೂ ಎದುರು ಕೂತು ಹೇಳಬೇಕಿತ್ತು. ಅಕ್ಕನಾಗಿದ್ದರೆ ಬದನೆಕಾಯಿಯ ಮಾತಿಗೇ ಬರುತ್ತಿದ್ದಳು.

ಡ್ರೈವರ್ ಮನೆಯ ಮುಂದೆ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದ. ನನ್ನನ್ನು ಕಂಡು ಕೈ ಒರೆಸಿಕೊಂಡು ಎದ್ದ. ಅವನ ಹೆಂಡತಿ ಮಜ್ಜಿಗೆ ಕೊಟ್ಟು ಒಳಗೆ ಹೋದಳು. ಜಗಲಿಯ ಮೇಲೆ ಕೂತು ಹೇಳಿದೆ. ಕಲ್ಚರ್ ಎಂದರೇನು, ಅಂದು ಬಸ್ಸಿನಲ್ಲಿ ಆದ ತಪ್ಪೇನು, ಈಗ ಬಂದದ್ದೇನು, ಎಲ್ಲ. ಅವನು ಪೂರ್ತಿ ಕೇಳಿದ.

“ಗಡ್ಡೆ ಇಲ್ಲ ಅಂತ ನೀನು ಅಂದಾಗಲೇ ನಾನು ತಿದ್ದಬೇಕಿತ್ತು,” ಅಂದೆ.

“ನಾನೆಲ್ಲಿ ಅಂದೆ ಸಾರ್? ನೀವು ಅಂದಿದ್ದು.”

“ನಾನಾ?”

“ಹೂಂ ಮತ್ತೆ. ಕಾಗ್ದ ತೋರ್ಸಿ, ‘ನೋಡಪ್ಪ, ಗಡ್ಡೆ ಇಲ್ಲ’ ಅಂದ್ರಿ. ಅದು ಹುಳದ ಟೆಸ್ಟು ಅಂತ ನಂಗೆ ಗೊತ್ತಿಲ್ವೇನ್ರಿ? ಇಪ್ಪತ್ತು ವರ್ಸ ನಿಮ್ ಕಿಟಕೀಲೇ ನಿಂತಿದ್ದೀನಿ. ಹುಳದ ಕಾಗ್ದದಾಗೆ ಗಡ್ಡೆ ಹೆಂಗೆ ಗೊತ್ತಾಗ್ತೈತೆ ಅಂತ ಕೇಳ್ಬೇಕು ಅನ್ನಿಸ್ತು.”

“ಮತ್ತೆ ಯಾಕೆ ಕೇಳಲಿಲ್ಲ?”

“ನೀವು ನಗ್ತಿದ್ರಿ. ಎಳನೀರು ಬೇರೆ ಕುಡಿಸ್ತಿದ್ರಿ.”

ಅವನದು ನಿಜವೋ ನನ್ನದು ನಿಜವೋ ತೀರ್ಮಾನಿಸಲು ಮೂರನೆಯವರು ಇರಲಿಲ್ಲ. ಮುಂದಿನ ಸೀಟಿನಲ್ಲಿ ತಿರುಗಿ ನೋಡಿದವರನ್ನು ಎಲ್ಲಿ ಹುಡುಕಲಿ?

“ಚೂರು ತೆಗೆಯೋವಾಗ ಜೊತೆಗ್ಯಾರಿದ್ರು?” ಅಂದ.

“ಯಾರೂ ಇಲ್ಲ.”

“ಫೋನ್ ಮಾಡಾಕೇನಾಗಿತ್ತು?”

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ.

“ನಮ್ ಟ್ಯಾಂಕರ್ ಹೊಟ್ಟೇಗೆ ಕಡ್ಡಿ ಹಾಕಿ ಹಾಕಿ ನೋಡಿದ್ರಿ. ನಿಮ್ದು ಮಾತ್ರ ನಮ್ಗೆ ತೋರ್ಸಂಗಿಲ್ಲ.” ಅವನು ನಗಲಿಲ್ಲ. ಎದ್ದುಹೋಗಿ ಅರ್ಧ ಕಟ್ಟಿದ್ದ ಸೊಪ್ಪನ್ನು ಪೂರ್ತಿ ಕಟ್ಟಿ ಬಂದ.

ಹೊರಡುವಾಗ ಅವನ ಹೆಂಡತಿ ಸಣ್ಣ ಡಬ್ಬಿಯಲ್ಲಿ ಹೆಪ್ಪು ಕೊಟ್ಟಳು, ಅದನ್ನು ಮಡಿಲಲ್ಲಿಟ್ಟುಕೊಂಡು ಬಂದೆ ಎಂದು ಬರೆದರೆ ಈ ಬರಹ ಚೆನ್ನಾಗಿ ಮುಗಿಯುತ್ತಿತ್ತು. ಅವಳು ಕೊಡಲಿಲ್ಲ, ನಾನೂ ಕೇಳಲಿಲ್ಲ. ಡ್ರೈವರ್ ಬಸ್ ಸ್ಟ್ಯಾಂಡಿನವರೆಗೆ ಬಂದ. ಹತ್ತುವಾಗ, ಮೂರು ತಿಂಗಳ ಮೇಲೆ ರಕ್ತ ಕೊಡಲು ಮತ್ತೆ ದುರ್ಗಕ್ಕೆ ಹೋಗಬೇಕು ಎಂದೆ. ಜೊತೆಗೆ ಬಾ ಎನ್ನಲು ನನ್ನಿಂದ ಆಗಲಿಲ್ಲ.

“ಮೂರು ತಿಂಗ್ಳಲ್ವಾ ಸಾರ್, ನೋಡಾಣ ಬಿಡ್ರಿ,” ಅಂದ.

ನಮ್ಮ ಕಡೆ ನೋಡಾಣ ಎಂದರೆ ‘ಆದರೆ ಆಯಿತು, ಆಗದಿದ್ದರೆ ಇಲ್ಲ’ ಎಂದೂ ಆಗುತ್ತದೆ. ‘ನಾನೂ ಇದ್ದೇನೆ, ಇಬ್ಬರೂ ಸೇರಿ ನೋಡುವ’ ಎಂದೂ ಆಗುತ್ತದೆ. ದನಿಯಲ್ಲಿ ತಿಳಿಯಬೇಕು. ಅಷ್ಟರಲ್ಲಿ ಬಸ್ಸು ಹೊರಟಿತ್ತು, ಆ ದನಿ ನನಗೆ ಸರಿಯಾಗಿ ಕೇಳಿಸಿರಲಿಲ್ಲ. ಈಗ ದಿನಕ್ಕೊಂದು ಥರ ಕೇಳಿಸುತ್ತದೆ.

ರಕ್ತ ಕೊಡುವ ದಿನಕ್ಕೆ ಇನ್ನು ಹನ್ನೊಂದು ದಿನ ಇದೆ. ಒಂದು ಫೋನ್ ಮಾಡಿ ಕೇಳಿದರೆ ತಿಳಿದುಹೋಗುತ್ತದೆ. ಇವತ್ತು ಬೆಳಿಗ್ಗೆ ನಂಬರ್ ತೆಗೆದೆ. ಗಂಟೆ ಒಂಬತ್ತಾಗಿತ್ತು, ಕುರಿ ಹೊಡೆದುಕೊಂಡು ಹೋಗಿರುತ್ತಾನೆ ಎನಿಸಿತು. ಮಧ್ಯಾಹ್ನ ತೆಗೆದಾಗ ಮಲಗಿರುತ್ತಾನೆ ಎನಿಸಿತು. ಈಗ ಐದು ಗಂಟೆ. ಹಾಲು ಕಾಯಿಸಿ ಇಳಿಸಿದ್ದೇನೆ, ಉಗುರುಬೆಚ್ಚಗಾಗಲು ಇನ್ನೂ ಸ್ವಲ್ಪ ಹೊತ್ತು ಬೇಕು. ಫೋನ್ ಪಕ್ಕದಲ್ಲೇ ಇದೆ.